ಮಂಡಿ ಪೋರ್ಟ್ ಆದ ಕಥೆ

ಪೀಣ್ಯದಲ್ಲಿ ಆರೋಗ್ಯ ವಿಮೆ ಮಾರಿ ಹೊಟ್ಟೆ ಹೊರೆದವನು ನಾನು. ಹಳೇ ಪಾಲಿಸಿ ಬಿಟ್ಟು ಹೊಸದಕ್ಕೆ ಹೋಗೋರಿಗೆ ಎಷ್ಟು ಬಿಡಿಸಿ ಹೇಳಿದರೂ ಅಷ್ಟೇ, ಅವರು ಮಾಡೋದು ಬೇರೇನೇ. ಲೇತ್ ಅಂಗಡಿ ಯಜಮಾನರೊಬ್ಬರಂತೂ ನನ್ನ ತಲೆಕೂದಲೆಲ್ಲ ಉದುರಿಸಿಬಿಟ್ಟರು.

೧. ಪೋರ್ಟ್

ಅವರ ಹೆಂಡತಿಗೆ ಮಂಡಿ ಆಪರೇಷನ್ ಆಗಬೇಕಿತ್ತು. ಆಕೆಗೆ ನಂಬಿಕೆ ಇದ್ದದ್ದು ಜಾಲಹಳ್ಳಿಯ ಒಬ್ಬ ಡಾಕ್ಟರ್ ಮೇಲೆ ಮಾತ್ರ. ಆ ಆಸ್ಪತ್ರೆ ಹಳೇ ಕಂಪನಿಯ ಪಟ್ಟಿಯಿಂದ ಬಿದ್ದುಹೋಗಿತ್ತು. ಅದು ಪಟ್ಟಿಯಲ್ಲಿರೋ ಹೊಸ ಕಂಪನಿಗೆ ಪೋರ್ಟ್ ಮಾಡಿಸೋಣ, ಅಂದ್ರೆ ಪಾಲಿಸೀನ ಅಲ್ಲಿಗೆ ವರ್ಗಾಯಿಸೋಣ, ಹಳೇ ಕಾಯಿಲೆಗೆ ದುಡ್ಡು ಕೊಡೋಕೆ ಮುಂಚೆ ಕಾಯಿಸ್ತಾರಲ್ಲ, ಮಂಡಿಗೋಸ್ಕರ ಹಳೇದರಲ್ಲಿ ಹಾಗೆ ಕಾದ ನಾಲ್ಕು ವರ್ಷ ಅಲ್ಲೂ ಲೆಕ್ಕಕ್ಕೆ ಬರುತ್ತೆ ಅಂದೆ. ಆದರೆ ರಿನ್ಯೂವಲ್‌ಗೆ ಒಂದೂವರೆ ತಿಂಗಳು ಮುಂಚೆ ಅರ್ಜಿ ಹಾಕಬೇಕು, ತಪ್ಪಿದರೆ ಮತ್ತೆ ಮೊದಲಿಂದ ಕಾಯಬೇಕು ಅಂತಲೂ ಒತ್ತಿ ಹೇಳಿದೆ.

ವಾರ ಕಳೆದರೂ ಆಸಾಮಿ ಪತ್ತೆಯಿಲ್ಲ. ನಾನೇ ಅವರ ಮನೆಗೆ ಹೋದೆ. ನೋಡಿದರೆ ಮೊಬೈಲಲ್ಲಿ ‘ಪೋರ್ಟ್’ ಅಂತ ಮೆಸೇಜ್ ಕಳಿಸಿ ಆರಾಮಾಗಿ ಕೂತಿದ್ದಾರೆ.

“ಇನ್ಶೂರೆನ್ಸ್‌ನೋರು ಒಳ್ಳೇ ಜನ ಸಾರ್. ಬಿಟ್ಟೋಗ್ಬೇಡಿ ಅಂತ ನೂರು ನಿಮಿಷ ಟಾಕ್‌ಟೈಮ್ ಫ್ರೀ ಕೊಟ್ರು.”

೨. ಮುಚ್ಚಿಟ್ಟದ್ದು

ಅರ್ಜಿ ಹಾಕೋಕೆ ಎರಡೇ ದಿನ ಉಳಿದಿತ್ತು. ಅಲ್ಲೇ ಕೂತು ಫಾರಂ ತುಂಬಿಸೋಕೆ ಶುರು ಮಾಡಿದೆ. ಕಾಯಿಲೆ ಕಾಲಂ ಬಂದಾಗ ಪುಣ್ಯಾತ್ಮರು ‘ಯಾವುದೂ ಇಲ್ಲ’ ಅಂತ ಬರೆಸಿದರು. ಇದ್ದದ್ದು ಹೇಳಿದರೆ ಹೊಸಬರು ಬೇಡ ಅಂದುಬಿಟ್ಟರೆ ಅಂತ ಭಯ. ಮುಚ್ಚಿಟ್ಟರೆ ನಾಳೆ ಕ್ಲೇಮೇ ಕೊಡಲ್ಲ ಕಣ್ರೀ ಅಂತ ರೇಗಿದೆ. ಹೆಣ್ಣು ನೋಡೋಕೆ ಹೋದಾಗ ಯಾರಾದ್ರೂ ಕಾಯಿಲೆ ಹೇಳ್ಕೋತಾರಾ ಅಂತ ನನ್ನನ್ನೇ ಕೇಳಿದರು.

ಒಳಗಿಂದ ಹೆಂಡತಿ ಗೋಡೆ ಹಿಡ್ಕೊಂಡು ಕುಂಟುತ್ತಾ ಬಂದರು. ತಮ್ಮ ಮಂಡಿ, ಬಿಪಿ, ಗಂಡನ ಶುಗರ್ರು ಎಲ್ಲ ಬರೆಸಿದರು. ಶುಗರ್ ಮೊನ್ನೆ ಮೊನ್ನೆ ಬಂದದ್ದು ಅಂತ ಗಂಡ ಗೊಣಗಿದರು.

“ಮದುವೆಗೆ ಮುಂಚೇನೇ ಇತ್ತು ಸಾರ್,” ಅಂದರು ಆಕೆ. “ನಮ್ಮಪ್ಪಂಗೆ ಹೇಳಿರ್ಲಿಲ್ಲ ಅಷ್ಟೇ. ಬರ್ಕೊಳಿ.”

೩. ಡಿಸ್ಚಾರ್ಜ್

ಅರ್ಜಿ ಒಪ್ಪಿಗೆ ಆಯ್ತು. ಜಾಲಹಳ್ಳಿಯಲ್ಲೇ, ಅದೇ ಡಾಕ್ಟರ್ ಕೈಲೇ ಆಪರೇಷನ್ನೂ ಆಯ್ತು. ಆಪರೇಷನ್ ಮುಗಿಯೋವರೆಗೂ ಯಜಮಾನರು ನನ್ನ ಕೈ ಬಿಡಲಿಲ್ಲ.

ಡಿಸ್ಚಾರ್ಜ್ ದಿನ ಡಾಕ್ಟರ್, ಎರಡು ತಿಂಗಳಲ್ಲಿ ಮೆಟ್ಟಿಲನ್ನೂ ಹತ್ತಬಹುದಮ್ಮ ಅಂದರು. ಗಂಡ ಕೈ ಮುಗಿದರು. ಆಕೆಯ ಮುಖ ಮಾತ್ರ ಸಪ್ಪಗಾಯ್ತು. ಗಂಡ ಮಾತ್ರೆ ತರೋಕೆ ಹೋಗಿದ್ದೇ ತಡ, ನನ್ನನ್ನು ಹತ್ತಿರ ಕರೆದರು.

“ಮೆಟ್ಟಿಲು ಹತ್ತಬಾರ್ದು ಅಂತ ಪಾಲಿಸೀಲಿ ಎಲ್ಲಾದ್ರೂ ಇದ್ಯಾ ಸಾರ್? ನಾಲ್ಕು ವರ್ಷದಿಂದ ತಾರಸಿ ಮೇಲೆ ಬಟ್ಟೆ ಒಣಗಾಕ್ತಿರೋದು ಇವ್ರೇ. ಇಲ್ದಿದ್ರೂ ಪರ್ವಾಗಿಲ್ಲ, ನೀವು ಇದೆ ಅಂದ್ಬಿಡಿ. ಇವ್ರು ಓದಲ್ಲ.”