ಕಪಾಟಿಗೆಂದು ತಂದ ನಾಲ್ಕು ಹಲಗೆ

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಬರೆಯುತ್ತಿರುವುದು ಇದೇ ಮೊದಲು. ನಗು ಬರಬೇಕಾದಲ್ಲಿ ವಿವರಣೆ ಬಂದರೆ ತಪ್ಪು ನನ್ನದೇ. ಆದರೆ ಮರಗೆಲಸದ ಹುಚ್ಚು ಹಿಡಿದ ಮೇಲೆ ಇಂಥವು ನನಗೆ ಆಗುತ್ತಲೇ ಇರುತ್ತವೆ, ಹೇಳದೆ ಇರಲಾಗುತ್ತಿಲ್ಲ!

ಹಿನ್ನೆಲೆ ಇಷ್ಟು. ನಮ್ಮ ಮನೆ ಹೊಸನಗರದಲ್ಲಿ. ಮಗಳಿಗೆ ಪುಸ್ತಕದ ಕಪಾಟು ನಾನೇ ಮಾಡಿಕೊಡುತ್ತೇನೆ ಎಂದು ಹೇಳಿ ಎರಡು ವರ್ಷವಾಯಿತು. "ಶಾಲೆ ಶುರುವಾಗೋದ್ರೊಳಗೆ ಆಗ್ಲಿಲ್ಲ ಅಂದ್ರೆ ಪ್ಲಾಸ್ಟಿಕ್ ಸ್ಟ್ಯಾಂಡ್ ತರ್ತೀನಿ. ನಿಮ್ಮ ಗರಗಸ, ಡ್ರಿಲ್ಲು ಎಲ್ಲ ಗುಜರಿಗೆ" ಎಂದು ಹೆಂಡತಿ ಗಡುವು ಕೊಟ್ಟಳು. ಕೈಯಲ್ಲಿ ಹತ್ತರಿ ಹೊಡೆದು ಹಲಗೆ ನುಣುಪು ಮಾಡುತ್ತ ಕೂತರೆ ಮುಗಿಯುವುದಿಲ್ಲ. ಅದಕ್ಕೇ ಮೆಷಿನ್ನಿನಲ್ಲಿ ನುಣುಪು ಮಾಡಿಟ್ಟ ಹಲಗೆ ತರಲು ಸಾಗರಕ್ಕೆ ಹೋದೆ.

೧. ಕಾಲಿಂಚು

ಮರದಂಗಡಿಯಲ್ಲಿ ಒಂದಿಂಚಿನ ಹಲಗೆ ಕೇಳಿದೆ. ಕೊಟ್ಟದ್ದನ್ನು ಟೇಪು ಹಿಡಿದು ಅಳೆದರೆ ಮುಕ್ಕಾಲಿಂಚು!

"ಸ್ವಾಮಿ, ಇದು ಕಮ್ಮಿ ಇದೆ."

"ಮೆಷಿನ್ನಲ್ಲಿ ಪ್ಲೇನಿಂಗ್ ಮಾಡೋಕ್ ಮುಂಚೆ ಒಂದಿಂಚೇ ಇತ್ತು" ಎಂದರು ಅಂಗಡಿಯವರು.

"ಹಾಗಾದ್ರೆ ಉಳಿದ ಕಾಲಿಂಚು ಎಲ್ಲಿ?"

ಅವರು ಮೂಲೆಯಲ್ಲಿದ್ದ ಹೊಟ್ಟಿನ ರಾಶಿ ತೋರಿಸಿದರು. "ಅಲ್ಲಿದೆ. ಚೀಲ ತಂದಿದ್ರೆ ತುಂಬ್ಕೊಳ್ಳಿ."

ಅವರು ತಮಾಷೆಗೆ ಹೇಳಿದ್ದು. ನನ್ನ ಹತ್ತಿರ ಚೀಲ ಇತ್ತು. ತುಂಬಿಕೊಂಡೆ.

೨. ಬಸ್ಸಿನ ತಜ್ಞರು

ತೀರ್ಥಹಳ್ಳಿ ಬಸ್ಸು ಹತ್ತಿದೆ. ಅದು ಹೊಸನಗರದ ಮೇಲೇ ಹೋಗುತ್ತದೆ. ಹಲಗೆ ಕಂಡದ್ದೇ ಪಕ್ಕದ ಹಿರಿಯರು ಕೈಯಾಡಿಸಿ, "ಹೊನ್ನೆ ಮರ" ಎಂದರು. ಹಿಂದಿನವರು ಬೆರಳಿನಲ್ಲಿ ಕುಟ್ಟಿ, "ಎಂತ ಹೊನ್ನೆ! ಮತ್ತಿ" ಎಂದರು. ಮುಂದಿನ ಸೀಟಿನ ಹೆಂಗಸು ಎದ್ದು ಬಂದು ಮೂಸಿ, "ಹಲಸು" ಎಂದರು. ಗಲಾಟೆ ಡ್ರೈವರ್‌ವರೆಗೂ ಹೋಯಿತು. ನಾನು ಬಿಲ್ಲು ತೆಗೆದು ತೋರಿಸಿದೆ: ಅಕೇಶಿಯಾ.

"ಬಿಲ್ ಬರೆದವ್ನಿಗೆ ಎಂತ ಗೊತ್ತು, ಬಿಡಿ" ಎಂದರು ಹಿರಿಯರು.

ಕಂಡಕ್ಟರ್ ತೀರ್ಪು ಕೊಟ್ಟ: "ನನ್ ಲೆಕ್ಕದಲ್ಲಿ ಇದು ಲಗೇಜು. ಟಿಕೆಟ್ ತಗಳಿ."

೩. ಹನ್ನೆರಡು

ಇದೇ ಮುಖ್ಯವಾದದ್ದು. ಇವತ್ತೇ ಆದದ್ದು! ಹಲಗೆಗಳನ್ನು ಜಗಲಿಯಲ್ಲಿಟ್ಟು ಸ್ಕ್ರೂ ತರಲು ಪೇಟೆಗೆ ಹೋದೆ. ಮೇಳಿಗೆಯಿಂದ ಅತ್ತೆ ಹಲಸಿನ ಹಪ್ಪಳ ಮಾಡಲು ಬಂದಿದ್ದರು. ಹಪ್ಪಳ ಹೇಗೆಂದರೆ, ಹಿಟ್ಟಿನ ಉಂಡೆಯನ್ನು ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮೇಲಿನಿಂದ ಮಣೆಯಲ್ಲಿ ಒತ್ತುತ್ತಾರೆ. ಮಣೆ ಚಿಕ್ಕದು. ಸಲಕ್ಕೆ ಒಂದೇ ಹಪ್ಪಳ.

ನಾನು ಬಂದು ನೋಡಿದರೆ ನನ್ನ ಆರಡಿ ಹಲಗೆ ಕೆಳಗೊಂದು, ಮೇಲೊಂದು. ಮೇಲಿನದರ ಮೇಲೆ ಅತ್ತೆ, ಪಕ್ಕದ ಮನೆಯವರು, ನಡುವೆ ಗಡುವು ಕೊಟ್ಟ ನನ್ನ ಹೆಂಡತಿ, ಸಾಲಾಗಿ ಕೂತಿದ್ದಾರೆ!

"ಅತ್ತೇ, ಅದು ಕಪಾಟಿನ ಹಲಗೆ!"

"ಗೊತ್ತು ಮಾರಾಯ್ರೆ. ಎಷ್ಟ್ ನುಣುಪು! ಒಂದೇ ಸಲಕ್ಕೆ ಹನ್ನೆರಡು ಹಪ್ಪಳ!"

"ಮತ್ತೆ ಗಡುವು?" ಎಂದೆ ಹೆಂಡತಿಗೆ.

"ಗಡುವು ಇಲ್ಲ, ಎಂತದೂ ಇಲ್ಲ. ಗರಗಸ, ಡ್ರಿಲ್ಲು ನೀವೇ ಇಟ್ಕೊಳ್ಳಿ. ಈ ಹಲಗೆಗೆ ಒಂದು ಸ್ಕ್ರೂ ಹಾಕಿದ್ರೆ ಮಾತ್ರ ನೋಡಿ!"

ಉಳಿದ ಎರಡು ಹಲಗೆಗೂ ಅವರ ಕೈಯ ಎಣ್ಣೆ ತಾಗಿದೆ. ಎಣ್ಣೆ ಕುಡಿದ ಮರಕ್ಕೆ ಪಾಲಿಶ್ ಯಾಕೆ ಹಿಡಿಯುವುದಿಲ್ಲ ಎಂದು ಇಲ್ಲಿ ಸ್ವಲ್ಪ ವಿವರಿಸಬೇಕು. ಮರದ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ, ಅವುಗಳೊಳಗೆ...

ತಡೆಯಿರಿ, ಜಗಲಿಯಿಂದ ಅತ್ತೆ ಕೂಗುತ್ತಿದ್ದಾರೆ: "ಅಳಿಯಂದ್ರೇ, ಬೇಗ ಬನ್ನಿ! ಈ ತುದೀ ಹಪ್ಪಳ ದಪ್ಪ ಬರ್ತಿದೆ. ನಿಮ್ಮಷ್ಟು ತೂಕ ನಮ್ಮಲ್ಲಿ ಯಾರಿಗೂ ಇಲ್ಲ!"