ಸಮಾನ ಸಂಚಾರಕ್ಕಾಗಿ ನಾನು ಸಹಮ್‌ವರೆಗೆ ಹೋದದ್ದು

ಸಾರ್ವಜನಿಕ ಸಾರಿಗೆಯ ಬಗ್ಗೆ ನನಗಿರುವ ಪ್ರೀತಿ ಇಡೀ ಮಸ್ಕತ್ತಿಗೇ ಗೊತ್ತು. ಅದು ಹುಟ್ಟಿದ್ದು ಹೇಗೆಂದು ನನ್ನ ಹೆಂಡತಿ ಸುಮಾಗೆ ಮಾತ್ರ ಗೊತ್ತು. ಇಲ್ಲಿ ಲೈಸೆನ್ಸ್ ಬೇಕಾದರೆ ಡ್ರಮ್‌ಗಳ ನಡುವೆ ಕಾರನ್ನು ಹಿಮ್ಮುಖವಾಗಿ ತಂದು ನಿಲ್ಲಿಸಬೇಕು. ನಾನು ಐದು ಸಲ ಪ್ರಯತ್ನಿಸಿ ಐದು ಸಲವೂ ಡ್ರಮ್ ಉರುಳಿಸಿದೆ. ಆರನೆಯ ಸಲ ಹೋಗದೆ ಪರಿಸರವಾದಿಯಾದೆ!

ಘಾಲಾದಲ್ಲಿರುವ ನಮ್ಮ ಕಂಪನಿಯಲ್ಲಿ ಆಫೀಸಿನವರಿಗೆ ನೆರಳಿನ ಪಾರ್ಕಿಂಗ್ ಇದೆ. ವರ್ಕ್‌ಶಾಪಿನವರು ಮಾತ್ರ ಹೆದ್ದಾರಿಯ ಬಸ್‌ಸ್ಟಾಪಿನಿಂದ ಆ ಉರಿ ಬಿಸಿಲಲ್ಲಿ ನಡೆದೇ ಬರಬೇಕು. ಅವರಲ್ಲೊಬ್ಬರು ವೆಲ್ಡರ್ ಹಮೀದಾಕ, ಬಂಟ್ವಾಳದ ಕಡೆಯವರು. ಮಂಡಿನೋವು ಬೇರೆ. ಒಂದು ದಿನ ದಾರಿಯಲ್ಲೇ ತಲೆಸುತ್ತು ಬಂದು ಕುಸಿದರು. ನನಗೆ ನಿಜಕ್ಕೂ ಸಿಟ್ಟು ಬಂತು. ಸ್ಟಾಪಿನಿಂದ ವರ್ಕ್‌ಶಾಪಿಗೆ ಒಂದು ಮಿನಿಬಸ್ ಬಿಡಿ ಎಂದು ಅರ್ಜಿ ಬರೆದೆ. ನಮ್ಮ ಮ್ಯಾನೇಜರ್, ಅಂದರೆ ಮುದೀರ್, ಇಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರವೇ ಹತ್ತು ಗಂಟೆಗೆ ಮೀಟಿಂಗ್ ಕರೆದರು. ಮಾತಾಡುವವನು ನಾನು.

"ಸರ್, ಇದೊಂದು ಆದ್ರೆ ನನ್ನ ಮಂಡಿ ಉಳಿದೀತು ನೋಡಿ," ಎಂದರು ಹಮೀದಾಕ.

"ಆಯಿತೆಂದೇ ತಿಳ್ಕೊಳ್ಳಿ!" ಎಂದೆ.

ವಾರವಿಡೀ ಕೂತು ಬಾಗಿಲಗಲದ ಒಂದು ಚಾರ್ಟ್ ಬರೆದೆ. ಇಪ್ಪತ್ತೆರಡು ಅಂಶಗಳು, ಮೂರು ಬಣ್ಣ, ಮೇಲೆ ದಪ್ಪಕ್ಷರದಲ್ಲಿ 'ಸರ್ವರಿಗೂ ಸಮಾನ ಸಂಚಾರ' ಎಂಬುದರ ಇಂಗ್ಲಿಷ್ ರೂಪ.

ಭಾನುವಾರ ಬೆಳಿಗ್ಗೆ ಸುಮಾ ಕಾರಿನ ಕೀಲಿ ಹಿಡಿದು, "ಬನ್ರೀ, ನನ್ನ ಆಫೀಸಿನ ದಾರೀಲೇ ಅಲ್ವಾ, ಬಿಟ್ಟು ಹೋಗ್ತೀನಿ," ಎಂದಳು.

"ಬಸ್ಸಿಗಾಗಿ ಹೋರಾಡುವವನು ಕಾರಿನಲ್ಲಿ ಇಳಿಯುವುದೇ? ಛೆ!"

"ಮತ್ತೆ ಈ ಚಾರ್ಟು?"

"ಅದು ಬಸ್ಸಿನಲ್ಲಿ ಮುದುರುತ್ತೆ. ನೀನು ಕಾರಲ್ಲಿ ತಂದುಬಿಡು."

ಹೀಗೆ ನನ್ನ ಸಿದ್ಧಾಂತ ಕಾರಿನಲ್ಲೂ ನಾನು ಬಸ್‌ಸ್ಟಾಪಿಗೂ ಹೊರಟೆವು.

ನಾವಿರುವ ರುವಿಯ ಸ್ಟಾಪಿನಲ್ಲಿ ದೊಡ್ಡದೊಂದು ಬಸ್ ಬಂದು ನಿಂತಿತು. ಬೋರ್ಡಿನ ಮೇಲೆ ಅರೇಬಿಕ್ ಓಡುತ್ತಿತ್ತು. ಅದರ ಹಿಂದೆ ಇಂಗ್ಲಿಷ್ ಬರುತ್ತದೆ, ಆದರೆ ಅಲ್ಲಿಯವರೆಗೆ ಕಾಯುವುದು ಹೊಸಬರು. ಹತ್ತಿಯೇಬಿಟ್ಟೆ. ಡ್ರೈವರ್ ಏನೋ ಕೇಳಿದ. ನನಗೆ ಬರುವ ಅರೇಬಿಕ್ ಎರಡೇ ಪದ. ಅದರಲ್ಲೊಂದನ್ನು, "ಯಲ್ಲಾ!" ಅಂದರೆ 'ನಡಿ, ಹೋಗೋಣ' ಎಂದು ಗತ್ತಿನಿಂದ ಬಳಸಿದೆ. ಅವನು ಟಿಕೆಟ್ ಕೊಟ್ಟ. ಓದದೆ ಜೇಬಿಗಿಳಿಸಿದೆ. ಸಹಪ್ರಯಾಣಿಕರಿಗೆ ತೊಂದರೆಯಾಗಬಾರದೆಂದು ಫೋನನ್ನೂ ಸೈಲೆಂಟ್ ಮಾಡಿದೆ.

ಪಕ್ಕದಲ್ಲಿ ತೊಡೆಯ ಮೇಲೆ ನಿಂಬೆ ಸಸಿ ಇಟ್ಟುಕೊಂಡ ಒಬ್ಬ ಓಮಾನಿ ಹಿರಿಯರಿದ್ದರು. ಅವರ ಮುಂದೆ ಭಾಷಣದ ತಾಲೀಮು ಶುರು ಮಾಡಿದೆ. ಒಂದೊಂದು ಅಂಶಕ್ಕೂ ತಲೆಯಾಡಿಸಿದರು. ಹದಿನಾಲ್ಕನೆಯ ಅಂಶಕ್ಕೆ ಗೊರಕೆ ಕೇಳಿಸಿತು. ಹದಿನೈದಕ್ಕೆ ಬಂದಾಗ ಕಿಟಕಿಯಾಚೆ ಗ್ಯಾರೇಜುಗಳು ಕಂಡವು. "ಅಗೋ ಘಾಲಾ! ಅಲ್ಲಿಂದಲೇ ನಮ್ಮವರು ಬಿಸಿಲಲ್ಲಿ ನಡೀಬೇಕು!" ಎಂದು ಆವೇಶದಿಂದ ಕೈ ತೋರಿಸಿದೆ. ಬಸ್ಸು ನಿಲ್ಲದೆ ಮುಂದೆ ಹೋಯಿತು.

ಎದ್ದು ಕೇಳಬಹುದಿತ್ತು. ಆದರೆ ಬಸ್ಸಿನ ಪರವಾಗಿ ವಾದಿಸುವವನಿಗೆ ಬಸ್ಸಿನ ದಾರಿಯೇ ಗೊತ್ತಿಲ್ಲವೆಂದರೆ ಮರ್ಯಾದೆ ಏನಾಗಬೇಕು? ಮುಂದೆ ತಿರುಗಿಸಿಕೊಂಡು ಬರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಎಸಿ ತಂಪಾಗಿತ್ತು. ಹದಿನೈದು ಅಂಶ ಹೇಳಿ ಗಂಟಲೂ ಒಣಗಿತ್ತು. ಒಂದೇ ನಿಮಿಷವೆಂದು ಕಣ್ಣು ಮುಚ್ಚಿದೆ.

ಭುಜ ತಟ್ಟಿ ಎಬ್ಬಿಸಿದವರು ಆ ಹಿರಿಯರೇ. ತಾವು ಇಳಿಯುವ ಊರು ಬಂದಿತ್ತು; ಸಸಿ ಎತ್ತಿಕೊಂಡು "ಸಹಮ್! ಸಹಮ್!" ಎಂದು ಬಾಗಿಲು ತೋರಿಸಿದರು. ಮಸ್ಕತ್ತಿನಿಂದ ಸುಮಾರು ಇನ್ನೂರು ಕಿಲೋಮೀಟರ್ ದೂರ! ಟಿಕೆಟ್ ತೆಗೆದು ನೋಡಿದೆ. ಅದು ಇನ್ನೂ ಮುಂದಿನ ಸೊಹಾರ್‌ವರೆಗೆ ಇತ್ತು! ಬೇಗನೆ ಇಳಿದು ನಷ್ಟ ತಗ್ಗಿಸಿದೆ. ಗಂಟೆ ಹನ್ನೊಂದೂಕಾಲು. ಫೋನಿನಲ್ಲಿ ಹತ್ತೊಂಬತ್ತು ಮಿಸ್ಡ್ ಕಾಲ್. ಹಮೀದಾಕನ ಮಂಡಿ ನೆನಪಾಯಿತು. ಆ ಮನುಷ್ಯ ನನ್ನನ್ನು ನಂಬಿ ಕೂತಿದ್ದರಲ್ಲ! ಚಹಾ ಅಂಗಡಿಯ ಮುಂದಿನ ಕುರ್ಚಿಯಲ್ಲಿ ಕೂತು ಸುಮಾಗೆ ಫೋನ್ ಮಾಡಿದೆ.

"ಎಲ್ಲಿದೀರ್ರೀ?"

"ಸಹಮ್‌ನಲ್ಲಿ."

"ಅಲ್ಲೇನ್ರೀ ಕೆಲಸ ನಿಮಗೆ?"

"ದೂರಪ್ರಯಾಣದ ಅಧ್ಯಯನ..." ಎಂದೆ. ಆ ಕಡೆಯಿಂದ ಬಂದ ನಗು ಚಹಾ ಅಂಗಡಿಯವನಿಗೂ ಕೇಳಿಸಿತು.

"ಇಲ್ಲಿ ಎಲ್ಲಾ ಆಯ್ತು. ದಾರೀಲಿ ನಡೀತಿದ್ದ ಹಮೀದಾಕನ್ನ ಕಾರಿಗೆ ಹತ್ತಿಸ್ಕೊಂಡು ಬಂದೆ. ನೀವೇ ನಾಪತ್ತೆ. ಅದಕ್ಕೇ ನಾನೂ ಆಫೀಸಿಗೆ ಹೋಗದೆ ಇಲ್ಲೇ ಉಳಿದೆ. ಕೊನೆಗೆ ಅವರೇ ಮಾತಾಡಿದ್ರು. ತಗೊಳ್ಳಿ, ಅವರ ಕೈಗೇ ಕೊಡ್ತೀನಿ."

"ಎಂತ ಸರ್ ನೀವು!" ಹಮೀದಾಕನ ದನಿ ಕುಣಿಯುತ್ತಿತ್ತು. "ನನಗೆ ಭಾಷಣ ಎಲ್ಲ ಬರುದಿಲ್ಲ ಅಲ್ವಾ? ನಾನು ಮುದೀರಿಗೆ, ಬನ್ನಿ ಸಾಹೇಬ್ರೆ, ಸ್ಟಾಪಿಂದ ವರ್ಕ್‌ಶಾಪಿಗೆ ಒಮ್ಮೆ ನನ್ನೊಟ್ಟಿಗೆ ನಡೀರಿ ಅಂತ ಹೇಳಿದೆ. ಪಾಪ, ಒಳ್ಳೆ ಮನುಷ್ಯ, ಬಂದ್ರು. ಅರ್ಧ ದಾರಿಗೇ ನಿಂತು, 'ಖಲಾಸ್! ನಾಳೆಯಿಂದ್ಲೇ ಬಸ್' ಅಂದ್ರು ಮಾರಾಯ್ರೆ!"

ಇಪ್ಪತ್ತೆರಡು ಅಂಶಗಳು ಮಾಡಬೇಕಿದ್ದ ಕೆಲಸವನ್ನು ಒಂದು ನಡಿಗೆ ಮುಗಿಸಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಅದಕ್ಕಿಂತ ಹೆಚ್ಚು ಸಂತೋಷವಾಯಿತು, ಅದೂ ಸುಳ್ಳಲ್ಲ. ಆದರೂ ವಾರದ ಶ್ರಮ ನೆನಪಾಗಿ ಮೆಲ್ಲಗೆ ಕೇಳಿದೆ.

"ನನ್ನ ಚಾರ್ಟ್ ಏನಾದರೂ ಉಪಯೋಗಕ್ಕೆ ಬಂತಾ?"

"ಬಾರದೆ ಮತ್ತೆ? ಅದಿಲ್ಲದಿದ್ರೆ ಮುದೀರ್ ಅಷ್ಟು ದೂರವೂ ಬರ್ತಿರ್ಲಿಲ್ಲ! ನಿಮ್ಮ ಮೇಡಮ್ಮೂ ನಾನೂ ಆಚೆ ಈಚೆ ಹಿಡ್ಕೊಂಡು ಅವರ ತಲೆಗೆ ನೆರಳು ಮಾಡಿದ್ದು."

ನಾನು ಸುಲಭಕ್ಕೆ ಸೋಲುವವನಲ್ಲ. "ಬರೆದ ಬದಿ ಕೆಳಗಿತ್ತಾ? ಅವರು ತಲೆಯೆತ್ತಿ ಓದಿರಬಹುದಲ್ಲ?"

"ಇಲ್ಲ ಸರ್, ಅದು ಮೇಲಿತ್ತು. ಓದಿದ್ರೆ ಸೂರ್ಯ ಓದಿರ್ಬೇಕು."

ಫೋನಿಟ್ಟೆ. ಎದ್ದು ಹೋಗಿ, ಮಸ್ಕತ್ತಿಗೆ ಹೋಗುವ ಬಸ್ಸು ಯಾವುದೆಂದು ಮೂರು ಜನರನ್ನು ಕೇಳಿದೆ.