ಟಣ್ ಎನ್ನುವ ರೊಟ್ಟಿ

ಮೇಲ್ವಿಚಾರಣೆ ಇಲ್ಲದೆ ಯಾವ ಕೆಲಸವೂ ನೆಟ್ಟಗಾಗುವುದಿಲ್ಲ ಎಂದು ನಂಬಿದವನು ನಾನು. ಮೂವತ್ತೆರಡು ವರ್ಷ ವ್ಯಾಯಾಮ ಶಿಕ್ಷಕನಾಗಿ ಸೀಟಿ ಊದಿದವನಿಗೆ ಬೇರೆ ನಂಬಿಕೆ ಬರುವುದಾದರೂ ಹೇಗೆ? ನಿವೃತ್ತಿಯ ನಂತರವೂ ಐದಕ್ಕೆ ಏಳುತ್ತೇನೆ, ಏಳಕ್ಕೆ ಚಹಾ, ಎಂಟಕ್ಕೆ ಪೇಪರ್. ಒಂಬತ್ತರ ಮೇಲೆ ಯಾರ ಮೇಲೆ ಕಣ್ಣಿಡಲಿ ಎಂದು ಹುಡುಕುತ್ತ ಮನೆಯವರನ್ನೆಲ್ಲ ಗೋಳು ಹೊಯ್ದುಕೊಳ್ಳುತ್ತಿದ್ದೆ.

ಆಗ ಸೊಸೆ ಸವಿತಾ, ಅಥಣಿ ರಸ್ತೆಯ ನಮ್ಮ ಮನೆಯಿಂದಲೇ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಆನ್‌ಲೈನಿನಲ್ಲಿ ಮಾರತೊಡಗಿದಳು. ರೊಟ್ಟಿ ಬಡಿಯಲು ತಿಕೋಟಾದಿಂದ ಶಂಕ್ರವ್ವ ದಿನಾ ಬಸ್ಸಿಗೆ ಬರುತ್ತಿದ್ದಳು. ಅವಳ ರೊಟ್ಟಿ ಎತ್ತಿ ಹಿಡಿದರೆ ಆಚೆಯ ಬೆಳಕು ಕಾಣಬೇಕು, ಅಷ್ಟು ತೆಳು. ಅವಳ ಮಗಳ ಕಾಲೇಜು ಓದು ಈ ಕೆಲಸವನ್ನೇ ನೆಚ್ಚಿಕೊಂಡಿತ್ತು.

ಯಾರೂ ಕೊಡದಿದ್ದರೂ ಗುಣಮಟ್ಟದ ಹೊಣೆಯನ್ನು ನಾನೇ ಹೊತ್ತುಕೊಂಡೆ. ಮಡಕೆ ಕೊಳ್ಳುವಾಗ ಬಾರಿಸಿ ನೋಡುತ್ತೇವಲ್ಲ, ಹಾಗೆ ಪ್ರತಿ ರೊಟ್ಟಿಯನ್ನೂ ಬೆರಳ ಗೆಣ್ಣಿನಿಂದ ಬಾರಿಸಿದೆ. ಟಣ್ ಎಂದರೆ ಪಾಸು, ಟಪ್ ಎಂದರೆ ಮತ್ತೆ ಹಂಚಿಗೆ.

ತಿಂಗಳೊಳಗೆ ಮೈಸೂರು, ಪುಣೆಗಳಿಂದ ದೂರು ಬಂದವು: ರೊಟ್ಟಿಯೆಲ್ಲ ಚೂರುಚೂರು. ಒಬ್ಬರಂತೂ ಮುಂದಿನ ಸಲ ಜೊತೆಗೊಂದು ಚಮಚ ಕಳಿಸಿ ಎಂದು ಬರೆದಿದ್ದರು. ಇನ್ನೆರಡು ದೂರು ಬಂದರೆ ಅಂಗಡಿ ಮುಚ್ಚುತ್ತೇವೆಂದು ಜಾಲತಾಣದವರು ತಿಳಿಸಿದರು. ಸವಿತಾಳ ಮುಖ ಇಳಿಯಿತು, ಶಂಕ್ರವ್ವ ಊಟ ಬಿಟ್ಟಳು. ನಾನು ಶಿಸ್ತು ಬಿಗಿ ಮಾಡಿ, ಎರಡೆರಡು ಸಲ ಬಾರಿಸತೊಡಗಿದೆ.

ಅಷ್ಟರಲ್ಲಿ ಬಬಲೇಶ್ವರದಲ್ಲಿ ಗೆಳೆಯನೊಬ್ಬನ ಮನೆಯ ಗೃಹಪ್ರವೇಶ ಬಂತು. ಬಸ್ಸಿನಲ್ಲಿ ಪಕ್ಕದವರು ಬುತ್ತಿ ಬಿಚ್ಚಿ ನನಗೂ ಚಪಾತಿ ಕೊಟ್ಟರು. ಇಳಿಯುವಾಗ ನಾವು ದೂರದ ನೆಂಟರೆಂದೂ ಗೊತ್ತಾಯಿತು. ಗೆಳೆಯನ ಮನೆಯಲ್ಲಿ ಎಣ್ಣೆಗಾಯಿ, ಕೆನೆಮೊಸರು, ತೋಟದ ದ್ರಾಕ್ಷಿ. ಒಂದು ದಿನಕ್ಕೆಂದು ಹೋದವನು ಎರಡು ದಿನ ಉಳಿದೆ. ನನ್ನ ಪರೀಕ್ಷೆ ಇಲ್ಲದೆ ಹೊರಡುವ ನಲವತ್ತು ಡಬ್ಬಿಗಳ ಗತಿ ಏನೆಂಬ ಚಿಂತೆ ಮಾತ್ರ ಬಿಡಲಿಲ್ಲ.

ಆ ನಲವತ್ತು ಡಬ್ಬಿ ಹೋಗಿ ವಾರ ಕಳೆದರೂ ಒಂದರ ಮೇಲೂ ದೂರಿಲ್ಲ. ಪುಣೆಯ ಹೆಣ್ಣುಮಗಳೊಬ್ಬಳು, ತವರಿನ ರೊಟ್ಟಿ ಇಡಿಯಾಗಿ ಬಂತು, ಮನೆಮಂದಿಯೆಲ್ಲ ಕೂತು ತಿಂದೆವು ಎಂದು ಬರೆದಿದ್ದಳು. ನಾನು ಹಾಕಿಕೊಟ್ಟ ಶಿಸ್ತು ಎಂದೆ. ಸವಿತಾ, ಶಂಕ್ರವ್ವ ಮುಖ ಮುಖ ನೋಡಿಕೊಂಡರು.

"ಸರ್, ಸಿಟ್ಟಾಗಬ್ಯಾಡ್ರಿ," ಎಂದಳು ಶಂಕ್ರವ್ವ. "ನೀವು ಬಾರಿಸಿದ ಕೂಡ್ಲೇ ರೊಟ್ಟಿ ಒಳಗ ಸೀಳ್ತಾವ್ರಿ. ಕಣ್ಣಿಗೆ ಕಾಣಂಗಿಲ್ಲ, ದಾರ್ಯಾಗ ಮುರೀತಾವ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಆನ್‌ಲೈನ್ ಅಂದ್ರ ಹಿಂಗ ಬಾರಿಸಿ ಕಳಸೂದು ಪದ್ಧತಿ ಇರಬೇಕು ಅಂದ್ಕೊಂಡಿದ್ನಿರಿ."

ಈಗ ಡಬ್ಬಿ ತುಂಬುವ ದಿನ ನನಗೆ ಬಬಲೇಶ್ವರದಿಂದ ಚಟ್ನಿಗೆ ಬೆಲ್ಲ ತರುವ ಕೆಲಸ. ಒಂಬತ್ತರ ಬಸ್ಸು ಒಮ್ಮೆಯೂ ತಪ್ಪಿಸಿಲ್ಲ. ಶಂಕ್ರವ್ವನ ಜೊತೆ ಈಗ ಅವಳ ನಾದಿನಿಯೂ ರೊಟ್ಟಿ ಬಡಿಯುತ್ತಾಳೆ. ನಿನ್ನೆ ಸವಿತಾ ನನ್ನ ಚೀಲಕ್ಕೆ ಇನ್ನೆರಡು ಅಂಗಿ ಇಟ್ಟು, ನಯವಾಗಿ ಹೇಳಿದಳು:

"ಮಾವಾರ, ಆರ್ಡರ್ ಭಾಳ ಬಂದಾವ್ರಿ. ಈ ಸಲ ಮೂರು ದಿನ ಇದ್ದು ಬರ್ರಿ."